ಅಲ್ ಖೋಬರಿನ ಬೇಟೆ ಹಡಗು

ಅಲ್ ಖೋಬರಿನಲ್ಲಿ ಹಡಗುಗಳನ್ನು ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ಮಾರುವವರ ಮಾತನ್ನು ನಂಬದಿರುವುದಕ್ಕೇ ನನಗೆ ಸಂಬಳ. ಹೋದ ವರ್ಷ ನಮಗೆ ವೀಸಾ, ಕೆಲಸ ಕೊಟ್ಟ ಸೌದಿ ಧಣಿ, ಅಂದರೆ ನಮ್ಮ ಕಫೀಲ್‌ಗೆ ಒಂದು ಹಳೆಯ ಮರದ ಹಡಗನ್ನು ಕೊಂಡು, ಕಡಲ ದಂಡೆಯಲ್ಲಿ ಕಾಫಿ ಅಂಗಡಿ ಮಾಡುವ ಆಸೆ ಹುಟ್ಟಿತು. ಎರಡನೇ ಮಹಾಯುದ್ಧದಲ್ಲಿ ಆ ಹಡಗು ಸಬ್‌ಮರೀನ್‌ಗಳನ್ನು ಬೇಟೆಯಾಡಿತ್ತೆಂದು ಮಾರುವವರು ಹೇಳಿದ್ದರಂತೆ. ನಿಜವೋ ಸುಳ್ಳೋ ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ಉಳ್ಳಾಲದ ಸಹೋದ್ಯೋಗಿಯೊಬ್ಬ ಜೊತೆಗೆ ಬಂದ. ಹಡಗಿನ ಒಡೆಯರು ವಯಸ್ಸಾದ ಸೌದಿ. ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಕೊಟ್ಟು ಕಥೆ ಶುರು ಮಾಡಿದರು. ಮೊದಲ ಬಟ್ಟಲಿಗೆ ಹಡಗು ಎರಡು ಸಬ್‌ಮರೀನ್ ಮುಳುಗಿಸಿತ್ತು. ಎರಡನೆಯದರ ಹೊತ್ತಿಗೆ ಅವು ನಾಲ್ಕಾದವು.

"ಇನ್ನೊಂದು ಕಪ್ಪು ಕುಡಿದ್ರೆ ಇವರು ಯುದ್ಧವೇ ಗೆಲ್ತಾರೆ ಮಾರಾಯ್ರೆ," ಎಂದ ಸಹೋದ್ಯೋಗಿ, ಮೆಲ್ಲಗೆ.

ಹಿಂಭಾಗದ ಡೆಕ್ಕಿನ ಮೇಲೆ, ನೀರಿಗೆ ಬಾಂಬು ಉರುಳಿಸುವ ಕಬ್ಬಿಣದ ಹಳಿ ಇತ್ತು. ಅದರ ಬೋಲ್ಟುಗಳು ಹೊಚ್ಚ ಹೊಸವು. ನನ್ನ ಗುಮಾನಿ ಗಟ್ಟಿಯಾಯಿತು. ಬಿಳಿ ಬಣ್ಣ ಕೆರೆದೆ, ಅಡಿಯಲ್ಲಿ ಬೂದು ಬಣ್ಣ ಸಿಕ್ಕಿತು. ಅದನ್ನೂ ನಂಬಲಿಲ್ಲ, ಬೂದು ಬಣ್ಣ ಯಾವ ಅಂಗಡಿಯಲ್ಲಿ ಸಿಗುವುದಿಲ್ಲ? ಆದರೆ ಕೆಳಗಿಳಿದು ಟಾರ್ಚ್ ಹಾಕಿದಾಗ, ಹಳಿಯಿದ್ದ ಜಾಗದ ಕೆಳಗೆ ಮಾತ್ರ ದಪ್ಪ ತೊಲೆಗಳನ್ನು ಒತ್ತೊತ್ತಾಗಿ ಜೋಡಿಸಿದ್ದು ಕಂಡಿತು. ಆ ತೊಲೆಗಳು ಹಡಗಿನಷ್ಟೇ ಹಳೆಯವು. ಮೀನುಗಾರರ ಹಡಗಿಗೆ ಅಲ್ಲಿ ಅಷ್ಟು ಬಲ ಬೇಕಿಲ್ಲ.

ಮೇಲೆ ಬಂದು ಹೇಳಿದೆ. "ಹಡಗು ಅಸಲಿ. ಹಳಿ ನೀವು ಹಾಕಿಸಿದ್ದು. ಆ ನಾಲ್ಕು ಸಬ್‌ಮರೀನ್ ಮಾತ್ರ ನಾನು ನಂಬಲಾರೆ."

ಮುದುಕರು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. "ಒಂದೂ ಇಲ್ಲ. ಈ ಹಡಗಿನಲ್ಲಿ ದುಡಿದ ನಾವಿಕನೇ ನನ್ನ ತಂದೆಗೆ ಹೇಳಿದ್ದು. ಯುದ್ಧವಿಡೀ ಸರಕು ಹಡಗುಗಳಿಗೆ ಕಾವಲು ಹೋದರು. ನೀರಿನಡಿ ಏನು ಸದ್ದಾದರೂ ಅನುಮಾನ, ಕೂಡಲೇ ಬಾಂಬು. ತೇಲಿ ಬಂದದ್ದು ಬರೀ ಮೀನು. ಒಮ್ಮೆ ಒಂದು ತಿಮಿಂಗಿಲ. ಆ ದಿನ ಯಾರೂ ಊಟ ಮಾಡಲಿಲ್ಲವಂತೆ. ಯುದ್ಧ ಮುಗಿದ ಮೇಲೆ ತಂದೆ ಹಡಗನ್ನು ಕೊಂಡು ಸಿಮೆಂಟು, ಆಡು ಸಾಗಿಸಿದರು."

"ಮತ್ತೆ ಈ ಸುಳ್ಳು ಯಾಕೆ?"

"ಏನನ್ನೂ ಮುಳುಗಿಸದ ಹಡಗನ್ನು ಯಾರು ಕೊಳ್ಳುತ್ತಾರೆ?"

ವಾಪಸು ಬರುವಾಗ ಸಹೋದ್ಯೋಗಿ ಕೇಳಿದ, "ಇದನ್ನಾದ್ರೂ ನಂಬುದಾ ಸಾರ್? ನಮ್ಮನ್ನು ಕರಗಿಸ್ಲಿಕ್ಕೆ ಹೇಳಿದ್ದಿರ್ಬಹುದು."

ನನಗೂ ಅದೇ ಸಂಶಯ ಕೊರೆಯುತ್ತಿತ್ತು. ಕಫೀಲ್‌ಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು, "ತಿಮಿಂಗಿಲದ ಮಾತು ನಿಜವೇ?"

"ಗೊತ್ತಿಲ್ಲ," ಎಂದೆ.

ಮರುವಾರವೇ ಅವರು ಹಡಗನ್ನು ಕೊಂಡರು.