ತಮ್ಮನ ಪಾಲಿನ ಪೇಢಾ

ಪಕ್ಕದ ಮನೆಯವರು ಇವತ್ತು ಕೂಸಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು. ಆ ಘಾಟಿಗೆ ಭಾಲ್ಕಿಯ ನಮ್ಮ ಓಣಿಯ ಕಾಶಿಬಾಯಿ ನೆನಪಾದಳು. ಓಣಿಯ ಕೂಸುಗಳಿಗೆಲ್ಲ ದೃಷ್ಟಿ ತೆಗೆಯುತ್ತಿದ್ದಾಕಿ ಅವಳೇ.

ಒಮ್ಮೆ ತಮ್ಮನಿಗೆ ಬಂದ ಜ್ವರ ಇಳಿಯಲೇ ಇಲ್ಲ. ಮಂದಿ "ಭಾನಾಮತಿ ಮಾಡ್ಯಾರ" ಅಂದರು. ಅಜ್ಜಿ ನನ್ನ ರಟ್ಟೆ ಹಿಡಿದು, "ಖರೇ ಹೇಳು, ಕಾಶಿಬಾಯಿ ಅವಗ ತಿನ್ನಲಾಕ ಏನರ ಕೊಟ್ಟಾಳೇನು?" ಅಂದಳು.

ಪೇಢಾ ಕೊಟ್ಟಿದ್ದಳು. ಅವನಿಗೆ ಅಂತ ಕೊಟ್ಟದ್ದನ್ನು ದಾರಿಯಲ್ಲಿ ನಾನೇ ತಿಂದಿದ್ದೆ. ಬೈತಾರಂತ ಅಂಜಿ, "ಹೂಂ, ಪೇಢಾ ಕೊಟ್ಟಾಳ, ಅಂವ ತಿಂದಾನ" ಅಂದುಬಿಟ್ಟೆ.

ಅವತ್ತಿನಿಂದ ಕಾಶಿಬಾಯಿಗೆ ಯಾರೂ ಹೊಸ್ತಿಲು ತುಳಿಯಗೊಡಲಿಲ್ಲ. ಆದರೂ ನಾನು ಸಾಲಿಗೆ ಹೊಂಟಾಗ ಕಟ್ಟೆ ಮೇಲಿಂದ ಕೇಳುತ್ತಿದ್ದಳು: "ತಮ್ಮ ಆರಾಮ ಆದನೇನವ್ವಾ?" ನಾನು ಓಡಿಬಿಡುತ್ತಿದ್ದೆ.

ಖರೇ ಹೇಳಬೇಕಂತ ಇವತ್ತು ತಮ್ಮನಿಗೆ ಫೋನ್ ಮಾಡಿ ಅವಳ ಹೆಸರೆತ್ತಿದೆ. "ನನಗ ಪೇಢಾದಾಗ ಮಾಟ ಹಾಕಿ ಕೊಟ್ಟಾಕಿ ಅಲ್ಲೇನಕ್ಕಾ?" ಅಂದ.

ಮತ್ತೆ "ಹೂಂ" ಅಂದೆ.