ವರದಿ ಕಳಿಸದ ಯಂತ್ರ

ಮಾತು ಬಾರದವರ ಪರವಾಗಿ ಮಾತಾಡುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ‘ದೊಡ್ಡಮ್ಮ’ ಎಂದು ಕಿಚಾಯಿಸುತ್ತಿದ್ದರು. ವಯಸ್ಸು ಐವತ್ತೊಂದೇ, ಆದರೆ ಅಲ್ಲಿನ ಮೂಲ ಪ್ರೋಗ್ರಾಂ ಹುಟ್ಟಿದ್ದು ಅವಳ ಕೈಯಲ್ಲಿ. ಆ ಒಂದರಿಂದಲೇ ಹತ್ತೊಂಬತ್ತು ಬಗೆಯ ಯಂತ್ರಗಳು: ಮಕ್ಕಳಿಗೊಂದು, ಕಣ್ಣಿನಲ್ಲೇ ಅಕ್ಷರ ಆರಿಸುವವರಿಗೊಂದು, ಕೈ ನಡುಗುವವರಿಗೊಂದು. ಈ ಕೊನೆಯದನ್ನು ಬರೆದದ್ದು ತಮ್ಮನಿಗಾಗಿ. ಜ್ವರದಲ್ಲಿ ಅವನ ಮಾತೂ ಹೋಗಿತ್ತು, ಕೈಯ ಹಿಡಿತವೂ ಹೋಗಿತ್ತು. ಬೆರಳು ಎಷ್ಟೇ ತಡಕಾಡಲಿ, ಎರಡು ಸೆಕೆಂಡು ಒತ್ತಿಹಿಡಿದ ಅಕ್ಷರವನ್ನಷ್ಟೇ ಅದು ಒಪ್ಪುತ್ತಿತ್ತು.

ಮೂಲದಲ್ಲಿ ಒಂದು ಸಾಲು ತಿದ್ದಿದರೂ ಹತ್ತೊಂಬತ್ತನ್ನೂ ಪರೀಕ್ಷಿಸಬೇಕು. ಅವಳಿಗೆ ಸಾಕುಸಾಕಾಯಿತು. “ಯಾರೂ ಬಳಸದ್ದನ್ನ ಯಾಕಪ್ಪಾ ಹೊತ್ಕೊಂಡು ತಿರುಗೋದು? ವರ್ಷವೆಲ್ಲಾ ವರದಿ ಬರದಿದ್ರೆ ತೆಗೆದುಬಿಡೋಣ,” ಎಂದು ನಿಯಮ ಮಾಡಿಸಿದವಳೂ ಅವಳೇ. ಬಳಕೆಯಲ್ಲಿದ್ದ ಯಂತ್ರಗಳು ವಾರಕ್ಕೊಮ್ಮೆ ತಾವೇ ಕಚೇರಿಗೆ ವರದಿ ಕಳಿಸುತ್ತಿದ್ದವು. ತಮ್ಮನ ಬಗೆಯದರಿಂದ ಬಂದದ್ದು ಸೊನ್ನೆ. ಬೇರೆ ಊರಿನಲ್ಲಿದ್ದ ಅವನಿಗೆ, ನಡುಕವನ್ನು ತಾನೇ ಊಹಿಸಿಕೊಳ್ಳುವ ಹೊಸ ಮಾದರಿಯನ್ನು ಅವಳು ಕೊಟ್ಟು ಎರಡು ವರ್ಷವಾಗಿತ್ತು. ಫೋನಿನಲ್ಲಿ ಯಂತ್ರದ ಮೂಲಕ ಚೆನ್ನಾಗಿಯೇ ಮಾತಾಡುತ್ತಿದ್ದ. ಅವಳು ನಿಶ್ಚಿಂತೆಯಿಂದ ಹಳೆಯದನ್ನು ಅಳಿಸಿದಳು.

ಅಯ್ಯೋ, ವರದಿಯ ಏರ್ಪಾಡೇ ಇಲ್ಲದ ಕಾಲದಲ್ಲಿ ಬರೆದ ಆ ಹಳೆಯದಕ್ಕೆ ವರದಿ ಕಳಿಸಲು ಬರುತ್ತಲೇ ಇರಲಿಲ್ಲವಲ್ಲ! ಬರೆದವಳಿಗೇ ಅದು ಮರೆತಿತ್ತು. ಹೊಸದರ ಊಹೆ ಒಗ್ಗದೆ ತಮ್ಮ ಅದನ್ನು ಬೀರುವಿನಲ್ಲಿಟ್ಟು, ಹಳೆಯದರಲ್ಲೇ ಮಾತಾಡುತ್ತಿದ್ದ. ಅದು ಕೆಟ್ಟಾಗ ರಿಪೇರಿಯವನು ಹೊಸ ಬೋರ್ಡು ಹಾಕಿ, ಎರಡು ಸೆಕೆಂಡಿನ ಲೆಕ್ಕವಿಲ್ಲದ ಈಗಿನ ಸಾಫ್ಟ್‌ವೇರ್ ತುಂಬಿಕೊಟ್ಟ. ರಿಪೇರಿಯವನ ಫೋನು ಬಂದಾಗಲೇ ಅವಳಿಗೆ ಇದೆಲ್ಲ ತಿಳಿದದ್ದು. ಕಚೇರಿಯಲ್ಲಿ ಹಳೆಯ ಪ್ರತಿಯೇನೋ ಇತ್ತು. ಹೊಸ ಬೋರ್ಡಿನಲ್ಲಿ ಅದು ಓಡಲಿಲ್ಲ.

ಅವಳು ಮ್ಯಾನೇಜರ್ ಮುಂದೆ ಅಂಗಲಾಚಿದಳು. “ಒಬ್ಬರಿಗೋಸ್ಕರ ಮತ್ತೆ ಸೇರಿಸೋಕಾಗಲ್ಲ ದೊಡ್ಡಮ್ಮ. ಮೂಲಾನೇ ಬದಲಾಗಿದೆ. ಪರೀಕ್ಷೆ, ಅನುಮತಿ ಅಂತ ವರ್ಷಗಳೇ ಹಿಡಿಯುತ್ತೆ. ನಿಯಮ ನಿಮ್ದೇ ಅಲ್ವಾ?” ಎಂದು ಅವನು ತಲೆ ತಗ್ಗಿಸಿದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವನು ಇನ್ನೊಬ್ಬ.

ಮರುದಿನವೇ ಬಸ್ಸು ಹತ್ತಿ ತಮ್ಮನ ಕೋಣೆಗೆ ಹೋದಳು. “ಹೊಸದು ಸರಿಹೋಗ್ತಿಲ್ಲ ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತೇನೋ? ಯಾಕೋ ಮುಚ್ಚಿಟ್ಟೆ?” ಎಂದು ಅತ್ತಳು.

ಪೆನ್ನು ಹಿಡಿಯಲೂ ಆಗದ ಕೈಯನ್ನು ಅವನು ಗುಂಡಿಗಳತ್ತ ಚಾಚಿದ. ಯಂತ್ರ ‘ಕ ಕ ಗ ತ ತ ತ’ ಎಂದಿತು. ಅಳಿಸಿದ, ಮತ್ತೆ ಒತ್ತಿದ, ಮತ್ತೆ ಅಳಿಸಿದ. ಹಣೆ ಬೆವೆತಿತು. ಅವಳು ಅರ್ಧ ಗಂಟೆ ಹಾಗೇ ಕೂತಿದ್ದಳು. ಕೊನೆಗೆ ಅವನು ಯಂತ್ರ ಆಫ್ ಮಾಡಿ, ನಡುಗುವ ಕೈಯಿಂದ ಅಕ್ಕನ ಕೆನ್ನೆ ಒರೆಸಿದ. ಯಾಕೆ ಮುಚ್ಚಿಟ್ಟ ಎಂಬುದು ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ.