ಜೋಡಿ ಸೀನಿನ ಗುರೂಜಿ

ಮಾಳಸಿದ್ದ ಗುರೂಜಿ ದಡ್ಡರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರ ಕಥೆ ಕೇಳಿದವರೆಲ್ಲ ಅರ್ಧ ದಾರಿಯಲ್ಲೇ ಆ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅಥಣಿ ತಾಲೂಕಿನ ಅನಂತಪುರದವರು. ಮಾಸ್ತರಿಕೆಯ ತರಬೇತಿ ಟಿ.ಸಿ.ಎಚ್. ಮುಗಿಸಿದವರು. ರೊಟ್ಟಿ ಮುರಿದು ಭಿನ್ನರಾಶಿ ಕಲಿಸುವಷ್ಟು ಜಾಣರು. ಅವರಿಗಿದ್ದ ತೊಂದರೆ ಒಂದೇ. ಏನಾದರೂ ಶುರು ಮಾಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಅವರ ಕೈಕಾಲು ಆಡುತ್ತಿರಲಿಲ್ಲ. ಹಿಡಿದದ್ದನ್ನು ಕೆಳಗಿಟ್ಟು, ಕುಳಿತು, ಒಂದಿಷ್ಟು ಹೊತ್ತು ಸುಮ್ಮನಿದ್ದು, ಆಮೇಲೆಯೇ ಏಳುತ್ತಿದ್ದರು.

ಇದು ಅವರ ತಾಯಿ ಲಗಮವ್ವ ಹಚ್ಚಿಬಿಟ್ಟ ರೂಢಿ. ಒಮ್ಮೆ ಅವರ ಅಪ್ಪ ಎಮ್ಮೆ ಕೊಳ್ಳಲು ಕಾಗವಾಡದ ಕಡೆ ಹೊರಟಾಗ ಪಕ್ಕದ ಮನೆಯವರು ಯಾರೋ ಸೀನಿದರಂತೆ. ಲಗಮವ್ವ ಬೇಡವೆಂದರೂ ಕೇಳದೆ ಹೋದ ಆ ಮನುಷ್ಯ ಸಂಜೆ ತಲೆಯ ಮೇಲೆ ಒಂದು ಹಾರ್ಮೋನಿಯಂ ಹೊತ್ತುಕೊಂಡು ಬಂದ. ಮನೆಯಲ್ಲಿ ಯಾರಿಗೂ ಅದನ್ನು ನುಡಿಸಲು ಬರುತ್ತಿರಲಿಲ್ಲ, ಅದು ಹಾಲನ್ನೂ ಕೊಡಲಿಲ್ಲ. ಮಜ್ಜಿಗೆ ಇಲ್ಲದೆ ಬೆಳೆದ ಹುಡುಗನಿಗೆ ಸೀನಿನ ಭಯ ಹುಟ್ಟಿದ್ದರೆ ಅದರಲ್ಲಿ ಅವನ ತಪ್ಪೇನು?

ಇಂಥ ಮನುಷ್ಯನನ್ನು ಇಲಾಖೆಯವರು ಎಂಬತ್ನಾಲ್ಕನೆಯ ಇಸವಿಯಲ್ಲಿ ಹಾಕಿದ್ದು ಎಲ್ಲಿಗೆ? ನಿಪ್ಪಾಣಿಯ ಅಂಚಿನಲ್ಲಿ, ತಂಬಾಕಿನ ವಖಾರಕ್ಕೆ, ಅಂದರೆ ಗೋದಾಮಿಗೆ, ಗೋಡೆ ಹಚ್ಚಿಕೊಂಡಿದ್ದ ಒಂದೇ ಕೋಣೆಯ, ಒಬ್ಬರೇ ಮಾಸ್ತರರ ಶಾಲೆಗೆ. ವಖಾರದೊಳಗೆ ನೂರಾರು ಹೆಂಗಸರು ದಿನವಿಡೀ ಕುಳಿತು ತಂಬಾಕು ಬಡಿದು ಜರಡಿ ಹಿಡಿಯುತ್ತಿದ್ದರು. ಅದರ ಹಳದಿ ಧೂಳು ಹಂಚಿನ ಸಂದಿಯಿಂದ ಇಳಿದು ಪಾಟಿಯ ಮೇಲೆ, ಪುಸ್ತಕದ ಮೇಲೆ, ಮಕ್ಕಳ ತಲೆಯ ಮೇಲೆ ಕೂರುತ್ತಿತ್ತು. ಆ ಹೆಂಗಸರ ಮಕ್ಕಳೇ ಶಾಲೆಯ ಮಕ್ಕಳು. ಹಿಂದಿನ ಮಾಸ್ತರರೆಲ್ಲ ಒಂದೊಂದು ಸುಗ್ಗಿಗೆ ಓಡಿಹೋಗಿದ್ದರು. ಮಾಸ್ತರರಿಲ್ಲದ ತಿಂಗಳುಗಳಲ್ಲಿ ಮಕ್ಕಳು ತಾಯಂದಿರ ಪಕ್ಕದಲ್ಲೇ ಕುಳಿತು ಸಣ್ಣ ಜರಡಿ ಹಿಡಿಯುತ್ತಿದ್ದವು. ಹಾಗೆ ಒಳಗೆ ಹೋದ ಮಗು ಮತ್ತೆ ಪಾಟಿ ಹಿಡಿಯುವುದು ಅಪರೂಪವಾಗಿತ್ತು.

ಮೊದಲ ದಿನ ಗುರೂಜಿ ಹಲಗೆಯ ಮೇಲೆ ಬರೆಯಲು ಖಡು ಎತ್ತಿದರು. ಮುಂದಿನ ಸಾಲಿನ ಹುಡುಗ ಸೀನಿದ. ಖಡು ಇಟ್ಟು ಕುಳಿತರು. ಎದ್ದರು, ಹಿಂದಿನಿಂದ ಇನ್ನೊಂದು ಸೀನು ಬಂತು. ಮತ್ತೆ ಕುಳಿತರು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಹಲಗೆಯ ಮೇಲೆ ಆ ದಿನದ ತಾರೀಖು ಮಾತ್ರ ಇತ್ತು, ಅದರಲ್ಲೂ ಇಸವಿ ಬಾಕಿ ಇತ್ತು.

ಮಕ್ಕಳಿಗೆ ಗುಟ್ಟು ತಿಳಿಯಲು ವಾರವೂ ಬೇಕಾಗಲಿಲ್ಲ. ಗಣಿತದ ಪುಸ್ತಕ ತೆಗೆದರೆ ಸೀನು. ಬಾಯಿಪಾಠ ಒಪ್ಪಿಸು ಎಂದರೆ ಸೀನು. ಸೀನು ತಾನಾಗಿ ಬರದಿದ್ದರೆ ಅಂಗಿಯ ಅಂಚನ್ನು ಮೂಗಿಗೆ ಹಿಡಿದು ಒಮ್ಮೆ ಎಳೆದರಾಯಿತು, ತಾಯಂದಿರ ಮಡಿಲಿನ ಧೂಳೆಲ್ಲ ಅಲ್ಲೇ ಇತ್ತು. ಗುರೂಜಿ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತರೆ ಇತ್ತ ಚಿಣ್ಣರ ದರಬಾರು ಚಾಲೂ ಆಗುತ್ತಿತ್ತು. ಮೂಢನಂಬಿಕೆ ಬಿಡಬೇಕು ಎಂಬ ಪಾಠ ಬಂದ ದಿನ ಗುರೂಜಿ ಹುರುಪಿನಿಂದ ಎದ್ದು ನಿಂತರು. ಭರಮು ಎಂಬ ಹುಡುಗ ಸೀನಿದ. ಗುರೂಜಿ ಕುಳಿತುಬಿಟ್ಟರು. ಆ ಪಾಠ ಆ ವರ್ಷ ಮುಗಿಯಲೇ ಇಲ್ಲ.

ಇದು ನಾಚಿಕೆಗೇಡು ಎಂದು ಅವರಿಗೂ ಗೊತ್ತಿತ್ತು. ಕೋಲು ಎತ್ತಬಹುದಿತ್ತು, ಆದರೆ ಕೋಲು ಎತ್ತುವುದೂ ಒಂದು ಶುರುವೇ ಅಲ್ಲವೇ? ಅದಕ್ಕೂ ಸೀನು ಅಡ್ಡ ಬರುತ್ತಿತ್ತು.

ಒಂದು ಮಧ್ಯಾಹ್ನ ಭರಮು ಸೀನಿದ ಬೆನ್ನಿಗೇ ಪಕ್ಕದಲ್ಲಿ ಕೂತಿದ್ದ ಕೆಂಪವ್ವನೂ ಸೀನಿದಳು. ಕೂರಲು ಬಗ್ಗಿದ್ದ ಗುರೂಜಿ ಅರ್ಧಕ್ಕೇ ನಿಂತರು. ಒಂಟಿ ಸೀನು ಕೆಟ್ಟದ್ದು, ಜೋಡಿ ಸೀನು ಒಳ್ಳೆಯದು. ಲಗಮವ್ವನ ಕಾಯ್ದೆಯಲ್ಲಿ ಅದೂ ಇತ್ತು. ಅವರಿಗೆ ತಮ್ಮ ಜನ್ಮ ಸಾರ್ಥಕವಾದಷ್ಟು ಸಂತೋಷವಾಯಿತು.

ಮರುದಿನದಿಂದ ಶಾಲೆಯಲ್ಲಿ ಹೊಸ ಪದ್ಧತಿ ಬಂತು. ಪ್ರತಿ ಮಗುವಿಗೂ ಒಂದು ಜೋಡಿ. ಒಬ್ಬರು ಸೀನಿದರೆ ಗುರೂಜಿಯ ಖಡು ಕೆಳಗಿಳಿಯುವ ಮೊದಲೇ ಅವರ ಜೋಡಿ ಸೀನಿ ಲೆಕ್ಕ ತೀರಿಸಬೇಕು. "ಜೋಡಿಯ ಮ್ಯಾಲೆ ಲಕ್ಷ್ಯ ಇರಬೇಕು. ತಪ್ಪಿದ್ರ ಇಬ್ರೂ ಕಸಾ ಹೊಡಿಬೇಕು," ಎಂದರು.

ನಗಬೇಡಿ. ಕಮ್ಮಟಗಳಲ್ಲಿ ದೊಡ್ಡ ದೊಡ್ಡವರು ಹೇಳಿಕೊಟ್ಟ ಯಾವ ಉಪಾಯವೂ ಮಾಡದ ಕೆಲಸವನ್ನು ಈ ಹುಚ್ಚು ಪದ್ಧತಿ ಮಾಡಿತು. ಜೋಡಿಯ ಮೂಗು ಯಾವಾಗ ಕೆರೆಯುತ್ತದೋ ಎಂದು ಪ್ರತಿ ಮಗುವೂ ಮೈಯೆಲ್ಲ ಕಿವಿಯಾಗಿ ಕೂರತೊಡಗಿತು. ಮಾತು ನಿಂತಿತು, ಜಗಳ ನಿಂತಿತು, ಏಕೆಂದರೆ ಮುನಿಸಿಕೊಂಡ ಜೋಡಿ ಸೀನುವುದಿಲ್ಲ. ಒಬ್ಬ ಬರದಿದ್ದರೆ ಇನ್ನೊಬ್ಬ ಅವನ ಮನೆಗೇ ಹೋಗಿ ಎಳೆದು ತರುತ್ತಿದ್ದ. ಹಾಜರಿ ತುಂಬಿತು. ಓಣಿಯ ಮದುವೆಯೊಂದರಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಭರಮು ಸೀನಿ ಬೀಗರ ಮುಖ ಕಪ್ಪಿಟ್ಟಾಗ, ಹೆಂಗಸರ ನಡುವಿನಿಂದ ಕೆಂಪವ್ವ ಎದ್ದು ನಿಂತು ಕರ್ತವ್ಯ ಮುಗಿಸಿ ಕುಳಿತಳಂತೆ. ಇಬ್ಬರಿಗೂ ಎರಡೆರಡು ಬುಂದೆ ಲಾಡು ಸಿಕ್ಕವು. ವಖಾರದ ಮ್ಯಾನೇಜರ ಭಾವುಸಾಹೇಬರು ಹೊಸ ತಕ್ಕಡಿಯ ಪೂಜೆಗೆ ಒಂದು ಒಳ್ಳೆಯ ಜೋಡಿಯನ್ನು ಕಳಿಸಿಕೊಡಿ ಎಂದು ಆಳನ್ನು ಕಳಿಸಿದರು. ಶಾಲೆಯ ವೇಳೆಯಲ್ಲಿ ಆಗುವುದಿಲ್ಲವೆಂದು ಗುರೂಜಿ ಖಡಾಖಂಡಿತವಾಗಿ ಹೇಳಿದರು.

ಆಮೇಲೆ ಶಬಾನಾ ಬಂದಳು. ಅವಳ ತಾಯಿ ಶಹಜಾದಬಿ ಆ ಸುಗ್ಗಿಯಲ್ಲೇ ವಖಾರಕ್ಕೆ ಸೇರಿದ್ದಳು. ಶಬಾನಾ ಬಂದದ್ದರಿಂದ ಮಕ್ಕಳ ಸಂಖ್ಯೆ ಬೆಸವಾಯಿತು, ಅವಳಿಗೆ ಜೋಡಿ ಸಿಗಲಿಲ್ಲ. "ಮೂರು ಮಂದಿ ಕೂಡಿ ಸೀನಿದ್ರ ಹ್ಯಾಂಗ್ರಿ?" ಎಂದು ಭರಮು ಕೇಳಿದ. ಗುರೂಜಿ ಬಹಳ ಯೋಚಿಸಿ, "ಮೂರರದ್ದು ನಮ್ಮವ್ವ ಹೇಳಿಲ್ಲೋ ತಮ್ಮಾ," ಎಂದರು.

ಮಕ್ಕಳ ಕ್ರೌರ್ಯಕ್ಕೆ ಹೆಚ್ಚು ಸಮಯ ಬೇಡ. ಎರಡೇ ದಿನಕ್ಕೆ ಅವಳು "ಒಂಟಿ ಸೀನಿನಾಕಿ" ಆದಳು. ಅವಳ ಪಕ್ಕ ಯಾರೂ ಕೂರಲಿಲ್ಲ, ಕುಂಟಾಬಿಲ್ಲೆಗೂ ಕರೆಯಲಿಲ್ಲ. ಹುಡುಗಿ ಸೀನುವುದನ್ನೇ ಬಿಟ್ಟಳು. ಎರಡೂ ಕೈಯಿಂದ ಮೂಗು ಬಾಯಿ ಒತ್ತಿ ಹಿಡಿದು, ಬಂದ ಸೀನನ್ನೆಲ್ಲ ನುಂಗಿ, ಕಣ್ಣು ಕೆಂಪಗೆ ಮಾಡಿಕೊಂಡು ಕೂರುತ್ತಿದ್ದಳು. ಅದನ್ನು ನೋಡಿ ಗುರೂಜಿಗೆ ತಾನು ಕಟ್ಟಿದ ಪದ್ಧತಿಯ ಮೇಲೆಯೇ ಅಸಹ್ಯ ಹುಟ್ಟಿತು.

"ಶಬಾನಾ, ಕೈ ತೆಗಿ," ಎಂದರು. "ನಿನ್ನ ಜೋಡಿ ನಾನ. ನೀ ಸೀನು, ನಾ ಅದೀನಿ."

ಹುಡುಗಿ ನಂಬಲಿಲ್ಲ. ಆದರೆ ಕೈ ತೆಗೆದಾಗ ಸೀನು ನಿಲ್ಲಲಿಲ್ಲ. ಗುರೂಜಿ ಕಿಟಕಿಯ ಚೌಕಟ್ಟಿನ ಮೇಲೆ ಬೆರಳು ಒರೆಸಿ ಮೂಗಿಗೆ ಹಿಡಿದರು, ವಖಾರದವರೆಗೂ ಕೇಳುವಂತೆ ಸೀನಿದರು. ಅಂದು ಮೊದಲ ಸಲ ಶಬಾನಾ ನಕ್ಕಳು. ಸಂಜೆಯೊಳಗೆ ಅವಳ ಪಕ್ಕ ಕೂರಲು ಮಕ್ಕಳು ಗುದ್ದಾಡಿದವು. ಗುರೂಜಿಯನ್ನೇ ಜೋಡಿ ಮಾಡಿಕೊಂಡವಳು ಎಂದರೆ ಸಾಮಾನ್ಯವೇ?

ಫೆಬ್ರುವರಿಯಲ್ಲಿ ತಪಾಸಣೆಯ ಸಾಹೇಬರು ಬಂದರು. ಬರುವ ಮುಂಚೆಯೇ ಸುದ್ದಿ ಬಂದಿತ್ತು. ಇಂಥ ಚಿಲ್ಲರೆ ಶಾಲೆಗಳನ್ನು ಮುಚ್ಚಿ ಪುಣೆ ರಸ್ತೆಯ ಆಚೆಗಿನ ದೊಡ್ಡ ಶಾಲೆಗೆ ಸೇರಿಸುವ ವಿಚಾರ ನಡೆದಿದೆ, ಸಾಹೇಬರು ತಪಾಸಣೆಯ ಪುಸ್ತಕದಲ್ಲಿ ಹಾಗೆಂದು ಶೆರಾ ಬರೆದರೆ ಮುಗಿಯಿತು ಎಂದು. ವಖಾರದ ಹೆಂಗಸರು ಗುರೂಜಿಯನ್ನು ತಡೆದು ನಿಲ್ಲಿಸಿ ಹೇಳಿದ್ದರು: "ಆ ರಸ್ತೇದಾಗ ಲಾರಿ ಹ್ಯಾಂಗ ಓಡ್ತಾವ ನೋಡೀರಿಲ್ರಿ? ಕೂಸುಗೋಳನ್ನ ದಾಟಿಸಾಕ ನಮಗ್ಯಾರು ಸೂಟಿ ಕೊಡ್ತಾರು? ಈ ಸಾಲಿ ಬಂದ್ ಆತಂದ್ರ ಜರಡಿ ಹಿಡಿಯಾಕ ಒಳಗ ಕರಕೊಳ್ಳೂದ ಬರೋಬ್ಬರಿ."

ಸಾಹೇಬರು ಕುರ್ಚಿಯಲ್ಲಿ ಕುಳಿತು ಮಗ್ಗಿ ಕೇಳಿದರು. ಮಕ್ಕಳು ಹದಿನೇಳರ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿದವು. ಆದರೆ ಹದಿನೇಳ ಮೂರಕ್ಕೆ ಒಂದು ಸೀನು, ಎದುರು ಸಾಲಿನಿಂದ ಅದಕ್ಕೊಂದು ಉತ್ತರ. ಹದಿನೇಳ ಐದಕ್ಕೆ ಮತ್ತೊಂದು, ಅದಕ್ಕೂ ಉತ್ತರ. ಸಾಹೇಬರು ಹುಬ್ಬು ಗಂಟಿಕ್ಕಿದರು. ಪೋರಗಳು ತನ್ನನ್ನು ಅಣಕಿಸುತ್ತಿವೆ ಎಂದೇ ಅವರಿಗೆ ಅನ್ನಿಸಿತು.

"ಇದು ಸಾಲಿ ಅಲ್ರಿ, ದವಾಖಾನಿ," ಎಂದರು. "ಶಿಸ್ತು ಅನ್ನೂದು ಹೆಸರಿಗೂ ಇಲ್ಲ. ಬಂದ್ ಮಾಡೂದ ಛಲೋ." ಕಿಸೆಯಿಂದ ಪೆನ್ನು ತೆಗೆದು ಶೆರಾ ಪುಸ್ತಕ ಬಿಡಿಸಿದರು.

ಭರಮು ಸೀನಿದ. ಸಾಹೇಬರ ಪೆನ್ನು ಕಾಗದದ ಮೇಲೆ ಬೆರಳಗಲ ಎತ್ತರದಲ್ಲಿ ನಿಂತಿತು.

ಗುರೂಜಿ ಆ ಕೈಯನ್ನು ನೋಡಿದರು. ತಮ್ಮದನ್ನು ಬಿಟ್ಟರೆ ಹಾಗೆ ನಿಲ್ಲುವ ಕೈಯನ್ನು ಅವರು ಬೇರೆ ಯಾರಲ್ಲೂ ಕಂಡಿರಲಿಲ್ಲ. ಸಾಹೇಬರ ಮನೆಯಲ್ಲೂ ಒಬ್ಬ ಲಗಮವ್ವ ಇದ್ದಿರಬೇಕು. ಒಂದು ಒಂಟಿ ಸೀನು ಉಳಿದರೆ ಸಾಕು, ಈ ಮನುಷ್ಯ ಇವತ್ತು ಬರೆಯುವುದಿಲ್ಲ. ಇವತ್ತು ಬರೆಯದಿದ್ದರೆ ಶಾಲೆ ಮುಂದಿನ ವರ್ಷಕ್ಕೆ ಉಳಿದಂತೆ.

ಕೆಂಪವ್ವ ಸೀನಿದಳು. ಸಾಹೇಬರ ಮುಖ ಅರಳಿತು, ಪೆನ್ನು ಇಳಿಯಿತು. ಆದರೆ ಶಾಯಿ ಬರಲಿಲ್ಲ. ಅವರು ಪೆನ್ನು ಜಾಡಿಸುವಷ್ಟರಲ್ಲಿ ಇನ್ನೊಬ್ಬ ಸೀನಿದ, ಅವನ ಜೋಡಿಯೂ ಸೀನಿದ. ಗುರೂಜಿ ಸಾಹೇಬರ ಬೆನ್ನ ಹಿಂದೆ ನಿಂತು ಬೇಡ, ಬೇಡ ಎಂದು ಕೈಬೀಸಿದರು. ತಪಾಸಣೆಯ ದಿನ ಗುರೂಜಿ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡ ಮಕ್ಕಳು ಇನ್ನಷ್ಟು ಚುರುಕಾದವು. ಸೀನು ಬಿದ್ದರೆ ಸಾಕು, ಗುಂಡು ಹಾರಿದಂತೆ ಉತ್ತರ. ಮಕ್ಕಳಿಗೆ ಇಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ಗುರೂಜಿ ಜೀವನದಲ್ಲಿ ಮೊದಲ ಬಾರಿ ಪಶ್ಚಾತ್ತಾಪಪಟ್ಟರು.

ಶಾಯಿ ಬಂತು. ಸಾಹೇಬರು ಪುಸ್ತಕ ಸರಿಮಾಡಿಕೊಂಡು ಬಗ್ಗಿದರು. ಆಗ ಶಬಾನಾ ಸೀನಿದಳು.

ಪೆನ್ನು ನಿಂತಿತು. ಸಾಹೇಬರು ಸ್ವಲ್ಪ ಕಾದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಯಾರೂ ಸೀನಲಿಲ್ಲ. ಅವರು ಪೆನ್ನಿಗೆ ಮುಚ್ಚಳ ಹಾಕಿ, ಕೆಮ್ಮಿ, "ಇರ್ಲಿ ಬಿಡ್ರಿ, ಇವತ್ತ ಬ್ಯಾಡ. ಮುಂದಿನ ಸಲ ಬಂದಾಗ ನೋಡೂಣು," ಎಂದರು.

ಶಾಲೆ ಉಳಿದಿತ್ತು. ಗುರೂಜಿ ಬಾಯಿಮುಚ್ಚಿ ನಿಂತರೆ ಸಾಕಿತ್ತು. ಆದರೆ ಕೋಣೆಯ ಎಲ್ಲ ಮಕ್ಕಳೂ ಅವರನ್ನೇ ನೋಡುತ್ತಿದ್ದವು. ಶಬಾನಾ ಮಾತ್ರ ನೋಡುತ್ತಿರಲಿಲ್ಲ. ಅವಳು ತಲೆ ತಗ್ಗಿಸಿ, ಎರಡೂ ಕೈಯಿಂದ ಮೂಗು ಬಾಯಿ ಒತ್ತಿ ಹಿಡಿದಿದ್ದಳು. ಪಕ್ಕದ ಹುಡುಗಿ ಆಗಲೇ ಒಂದು ಗೇಣು ಆಚೆ ಸರಿದು ಕುಳಿತಿದ್ದಳು.

ಆ ಹೊತ್ತಿನಲ್ಲಿ ಗುರೂಜಿಗೆ ತಮ್ಮ ಮೇಲೆ, ತಾಯಿಯ ಮೇಲೆ, ಮೂಗು ಎಂಬ ಅವಯವದ ಮೇಲೆಯೇ ಸಿಟ್ಟು ಬಂತು. ಇಷ್ಟು ಮಕ್ಕಳ ಶಾಲೆ ಒಂದು ಕಡೆ, ಒಂದು ಹುಡುಗಿಗೆ ಕೊಟ್ಟ ಮಾತು ಒಂದು ಕಡೆ. ಬುದ್ಧಿ ಇದ್ದವನಿಗೆ ಇದರಲ್ಲಿ ತೂಗಿ ನೋಡುವಂಥದ್ದೇನೂ ಇರಲಿಲ್ಲ. ಗುರೂಜಿ ಕಿಟಕಿಯ ಹತ್ತಿರ ಹೋದರು, ಚೌಕಟ್ಟಿನ ಮೇಲೆ ಬೆರಳು ಒರೆಸಿದರು, ಸೀನಿದರು.

ಸಾಹೇಬರು ಬೆಚ್ಚಿ ತಿರುಗಿದರು. "ನೀವೂ ಏನ್ರಿ?"

"ಆಕಿಗೆ ಬ್ಯಾರೆ ಜೋಡಿ ಇಲ್ರಿ ಸಾಹೇಬರ," ಎಂದರು ಗುರೂಜಿ.

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಆದರೆ ಶಕುನ ಸರಿಹೋಗಿತ್ತು. ಮುಚ್ಚಳ ತೆಗೆದು, ಶಾಲೆಯನ್ನು ಬರುವ ಜೂನ್‌ನಿಂದ ಮುಚ್ಚಬಹುದೆಂದು ಮುತ್ತಿನಂಥ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಜೀಪು ಹತ್ತಿದರು.

ಸುದ್ದಿ ಸಂಜೆಯೊಳಗೆ ಓಣಿಯೆಲ್ಲ ಹಬ್ಬಿತು. ಚಹಾದಂಗಡಿಯಲ್ಲಿ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಗಸರು ನಗಲಿಲ್ಲ. ಕೆಂಪವ್ವನ ತಾಯಿ ಸತ್ತೆವ್ವ ದಾರಿಯಲ್ಲಿ ಅಡ್ಡ ನಿಂತು, "ಒಂದ ಸೀನ ತಡಕೊಳ್ಳಾಕ ಆಗಲಿಲ್ಲೇನ್ರಿ ಗುರೂಜಿ? ನಾವು ದಿನಾ ಎಷ್ಟ್ ತಡಕೋತೀವಿ," ಎಂದಳು. ಬೇಸಿಗೆಯೆಲ್ಲ ಅವರು ಚಿಕ್ಕೋಡಿಯ ಕಚೇರಿಗೆ ಅಲೆದು, ಅವರಿವರ ಕೈಕಾಲು ಹಿಡಿದು, ತಮ್ಮ ಊರಿನ ಹತ್ತಿರವೇ ಜಾಗ ಕೊಡುತ್ತೇವೆಂದರೂ ಒಲ್ಲೆನೆಂದು, ಪುಣೆ ರಸ್ತೆಯಾಚೆಗಿನ ಆ ದೊಡ್ಡ ಶಾಲೆಗೇ ವರ್ಗ ಮಾಡಿಸಿಕೊಂಡರು.

ಜೂನ್ ತಿಂಗಳ ಮೊದಲ ದಿನ, ಶಾಲೆಯ ಗಂಟೆಗೆ ಬಹಳ ಮುಂಚೆ, ಅವರು ವಖಾರದ ಬಾಗಿಲಲ್ಲಿ ನಿಂತಿದ್ದರು. ಮಕ್ಕಳನ್ನು ತಾನೇ ರಸ್ತೆ ದಾಟಿಸಿ ಕರೆದೊಯ್ಯುತ್ತೇನೆ, ಸಂಜೆ ತಾನೇ ತಂದು ಬಿಡುತ್ತೇನೆ ಎಂದು ಒಳಗೆ ಹೇಳಿ ಕಳಿಸಿದ್ದರು. ಯಾರೂ ಬರಲಿಲ್ಲ. ಒಳಗೆ ಜರಡಿಯ ಸದ್ದು ಕೇಳುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದರೆ ಕೆಂಪವ್ವ ತಾಯಿಯ ಪಕ್ಕದಲ್ಲಿ ಸಣ್ಣ ಜರಡಿ ಹಿಡಿದು ಕುಳಿತದ್ದು ಕಾಣುತ್ತಿತ್ತು. ಗುರೂಜಿ ಕಣ್ಣು ಬೇರೆ ಕಡೆ ತಿರುಗಿಸಿದರು. ಆದರೂ ಅಲ್ಲೇ ನಿಂತರು.

ಕಡೆಗೆ ಶಹಜಾದಬಿ ಎದ್ದು ಬಂದಳು. ಒಂದು ಕೈಯಲ್ಲಿ ಶಬಾನಾಳ ತೋಳು, ಇನ್ನೊಂದು ಕೈಯಲ್ಲಿ ಪಾಟಿಚೀಲ. ಒಳಗಿನವರಿಗೆಲ್ಲ ಕೇಳುವಂತೆ ಅವಳು ಹೇಳಿದಳು: "ನಿಮ್ಮಿಂದ ಸಾಲಿ ಹೋತು ಅಂತಾರ್ರಿ ಎಲ್ಲಾರೂ. ಹೋಗಿರಬೇಕು, ನನಗದೆಲ್ಲಾ ತಿಳಿಯಂಗಿಲ್ಲ. ಎಲ್ಲಾರ ಮುಂದ ನನ್ನ ಮಗಳ ಕೈ ಬಿಡಲಿಲ್ಲ ನೀವು. ಲಾರಿ ರಸ್ತೇದಾಗ ಬಿಡ್ತೀರೇನು? ಕರಕೊಂಡು ಹೋಗ್ರಿ."

ಜರಡಿಗಳ ಸದ್ದು ನಿಂತಿತು. ಸತ್ತೆವ್ವ ಮಗಳ ಕೈಯಿಂದ ಜರಡಿ ಕಿತ್ತುಕೊಂಡು, ಅವಳ ತಲೆಯ ಮೇಲಿನ ಧೂಳನ್ನು ಸೆರಗಿನಿಂದ ಜಾಡಿಸಿ, "ಏಳ ಬೇ, ಹೋಗು," ಎಂದಳು.